ತಾತನ ಇಂಜಿನ್ನಿನ ಬೋರ್ ಕದ್ದವರು

ಇದನ್ನು ನೀವು ನಂಬುವುದಿಲ್ಲ, ಬೆಟ್ ಕಟ್ಟುತ್ತೇನೆ. ಹುಣಸೂರಿನ ನನ್ನ ಕಾಲೇಜಿನಲ್ಲೂ ಯಾರೂ ನಂಬಲಿಲ್ಲ. ತಾತನ ಬೈಕಿನಲ್ಲಿ ಬಂದಿಳಿಯುತ್ತೇನೆಂದು ಇಡೀ ಕ್ಲಾಸಿಗೆ ಹೇಳಿಬಿಟ್ಟಿದ್ದೆ. ಆಗ ಬೈಕು ದನದ ಕೊಟ್ಟಿಗೆಯಲ್ಲಿತ್ತು, ಅದರ ಇಂಜಿನ್ ಅಟ್ಟದ ಮೇಲೆ ಗೋಣಿಚೀಲದಲ್ಲಿತ್ತು.

ಅಪ್ಪನ ಷರತ್ತು ಒಂದೇ. "ಬ್ಯಾರನ್‌ಗೆ ಸೊಪ್ಪು ಏರ್ಸೋದ್ರೊಳಗೆ ಸ್ಟಾರ್ಟಾದ್ರೆ ಗಾಡಿ ನಿಂದು. ಆಗ್ನಿಲ್ವಾ, ಗುಜರಿಗೆ."

ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಆಗ ಖಾಲಿಯಿತ್ತು. ಪಕ್ಕದ ಮನೆಯ ಗೆಳೆಯನೂ ನಾನೂ ಅಲ್ಲೇ ಚೀಲ ಸುರಿದೆವು. ಮೊದಲು ಒಂದು ಇಲಿ ಬಂತು. ನಮ್ಮ ಬೆಕ್ಕು ಎದ್ದು ಅದಕ್ಕೆ ದಾರಿ ಬಿಟ್ಟಿತು, ಅಷ್ಟು ದಪ್ಪ. ಆಮೇಲೆ ಪಿಸ್ಟನ್, ಗೇರುಗಳು, ಕಾರ್ಬುರೇಟರ್. ಬೋರ್ ಮಾತ್ರ ಇಲ್ಲ. ತನ್ನೊಳಗೆ ಪಿಸ್ಟನ್ ಓಡಾಡುವ, ನಾಲ್ಕು ಕೆಜಿ ತೂಗುವ ಆ ಕಬ್ಬಿಣದ ಕೊಳವೆ ಇಲ್ಲದೆ ಇಂಜಿನ್ನೇ ಇಲ್ಲ.

ಮೊದಲ ಅನುಮಾನ ಆ ಗೆಳೆಯನ ಮೇಲೆಯೇ. ಇತ್ತೀಚೆಗೆ ಅವನ ತೋಳು ದಪ್ಪಗಾಗಿತ್ತು. ಜಿಮ್ಮಿಗೆ ಹೋಗದವನ ತೋಳು ಸುಮ್ಮನೆ ದಪ್ಪಗಾಗುತ್ತದೆಯೇ?

"ಏನ್ಲಾ ಎತ್ತೀಯಾ ಮನೇಲಿ?" ಅಂದೆ.

"ಡೈರಿಗೆ ಹಾಲಿನ ಕ್ಯಾನ್ ಹೊರ್ತೀನಿ ಕಣ್ಲಾ. ನಿನ್ನಂಗೆ ಬರೀ ಮೊಬೈಲ್ ಹೊರಲ್ಲ."

ಉತ್ತರ ತಕ್ಷಣ ಬಂತು. ಮೊದಲೇ ಸಿದ್ಧ ಮಾಡಿಕೊಂಡಿದ್ದ ಹಾಗಿತ್ತು. ಅವನ ಹೆಸರನ್ನು ಅನುಮಾನದ ಪಟ್ಟಿಯಲ್ಲೇ ಇಟ್ಟುಕೊಂಡೆ.

ಎರಡನೆಯವರು ಪೇಟೆಯ ಮೆಕ್ಯಾನಿಕ್ ಭಾಯ್. ತಾತ ಇದ್ದಾಗ ಇಂಜಿನ್ ಬಿಚ್ಚಿದವರೇ ಅವರು. ತಾತ ತೀರಿಕೊಂಡರು, ಇಂಜಿನ್ ಬಿಚ್ಚಿದ ಹಾಗೆಯೇ ಉಳಿಯಿತು. ಈಗ ಜೋಡಿಸಲು ಮೂರು ದಿನದಿಂದ ಬರುತ್ತಿದ್ದರು. ಸಂಜೆ ಹೋಗುವಾಗ ಅವರ ಬ್ಯಾಗು ಬೆಳಿಗ್ಗೆಗಿಂತ ಭಾರವಾಗಿರುತ್ತದೆ ಎಂದು ನನಗೆ ಖಚಿತವಾಗಿ ಅನ್ನಿಸಿತು. ಅವರು ಕೈ ತೊಳೆಯಲು ಹೋದಾಗ ಜಿಪ್ ಎಳೆದೆ. ಸ್ಪ್ಯಾನರು, ಮರಳು ಕಾಗದ, ಟಿಫಿನ್ ಡಬ್ಬಿ.

"ಡಬ್ಬೀನೂ ತೆಗ್ದು ನೋಡು ಬೇಟಾ," ಹಿಂದಿನಿಂದ ಭಾಯ್ ಧ್ವನಿ. "ಮೊಟ್ಟೆ ಸಾರು ಐತೆ. ಬೋರ್ ಮುಳುಗಿರ್ಬೋದು, ಬೆರಳು ಹಾಕಿ ನೋಡು."

ಗೆಳೆಯ ನಕ್ಕು ನಕ್ಕು ಗೋಡೆ ಹಿಡಿದುಕೊಂಡ. ನನ್ನ ಮುಖ ಬೆಂದ ಸೊಪ್ಪಿನ ಬಣ್ಣಕ್ಕೆ ತಿರುಗಿತು. ಆದರೂ ಡಬ್ಬಿ ತೆರೆದೆ. ಮೊಟ್ಟೆ ಎರಡೇ ಇದ್ದವು.

ಭಾಯ್ ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಕೆಳಗಿನ ಭಾಗವನ್ನೆಲ್ಲ ಜೋಡಿಸಿ, ಪಿಸ್ಟನ್ನನ್ನು ನೆಟ್ಟಗೆ ನಿಲ್ಲಿಸಿ, "ಟೋಪಿ ಒಂದು ಬಾಕಿ," ಅಂದರು. "ಬೇರೆ ಬೋರ್ ಮೈಸೂರಲ್ಲಿ ಹುಡುಕ್ಬೇಕು. ವಾರ ಆಯ್ತದೆ."

ವಾರ ಎಲ್ಲಿಂದ ತರಲಿ? ಹೊರಗೆ ಜಗುಲಿಯ ಮೇಲೆ ಹೆಂಗಸರು ಆಗಲೇ ಬ್ಯಾರನ್‌ಗೆ ಏರಿಸುವ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು.

ಆಗ ಅಪ್ಪ ಒಳಗೆ ಬಂದರು. ನಮ್ಮನ್ನು ನೋಡದೆ ನೇರ ಮೂಲೆಗೆ ಹೋಗಿ, ಮಾಡಿನ ಕಿಂಡಿಯ ಹಗ್ಗವನ್ನು ಗೂಟದಿಂದ ಬಿಚ್ಚಿದರು. ಸೊಪ್ಪು ಬೇಯುವಾಗ ಆವಿ ಹೊರಗೆ ಹೋಗಲು ಆ ಕಿಂಡಿ ಬೇಕು. ಅದು ಗಾಳಿಗೆ ಮುಚ್ಚಿಕೊಳ್ಳದಿರಲೆಂದು ಹಗ್ಗಕ್ಕೆ ಭಾರ ಕಟ್ಟಿರುತ್ತಾರೆ. ಮೇಲಿನ ಕತ್ತಲೆಯಿಂದ ಆ ಭಾರ ಮೆಲ್ಲಗೆ ಇಳಿದು ಬಂದು ನಮ್ಮ ಮೂಗಿನ ಮುಂದೆ ತೂಗಾಡಿತು. ಕಪ್ಪಗೆ ಮಸಿ ಹಿಡಿದಿತ್ತು, ಸುತ್ತ ಪದರ ಪದರ ರೆಕ್ಕೆಗಳು, ನಡುವೆ ತಂತಿ ಪೋಣಿಸಿದ ದುಂಡನೆಯ ತೂತು.

ಭಾಯ್ ಎದ್ದು ನಿಂತರು. ನಾನು ಕೈ ಚಾಚಿದೆ.

"ಮುಟ್ಬೇಡ," ಅಂದರು ಅಪ್ಪ. "ಕಲ್ಲು ಕಟ್ಟಿದ್ರೆ ಜಾರ್ಕೊಂಡು ಬೀಳ್ತಿತ್ತು. ಅಟ್ಟದ ಚೀಲದಲ್ಲಿ ಸಿಗ್ತು, ತೂಕ ಸರ್ಯಾಗ್ ಕೂತದೆ. ಕಿಂಡಿ ಕೈಕೊಟ್ರೆ ಒಂದ್ ಬ್ಯಾರನ್ ಸೊಪ್ಪೇ ಓಯ್ತದೆ."

"ಅಪ್ಪ, ಅದು ನಮ್ಮ ಇಂಜಿನ್ನಿನ ಬೋರು."

ಅಪ್ಪ ನೆಲದ ಮೇಲಿದ್ದ ಇಂಜಿನ್ ನೋಡಿದರು, ಹಗ್ಗ ನೋಡಿದರು, ಮತ್ತೆ ಇಂಜಿನ್ ನೋಡಿದರು.

"ಅಂಗಾದ್ರೆ ಗುಜರಿಯವ್ನು ಬಂದಾಗ ಇದೊಂದ್ ಬುಟ್ಟು ಮಿಕ್ಕಿದ್ದು ಕೊಡು. ಏಳ್ರಲಾ ಮೇಲೆ, ಸೊಪ್ಪು ಬತ್ತಾದೆ."