ತಪಾಸಣೆಯಿಲ್ಲದ ದಿನ

ವಾರಕ್ಕೊಂದು ರಜೆಯನ್ನು ಹೇಗೆ ಕಳೆಯಬೇಕೆಂದು ನನ್ನಷ್ಟು ಚಿಂತಿಸಿದ ಗುಮಾಸ್ತ ಸಂಸ್ಥಾನದಲ್ಲಿ ಇನ್ನೊಬ್ಬ ಇದ್ದಿರಲಾರ. ಹೊಳಲ್ಕೆರೆಯ ತಾಲ್ಲೂಕು ಕಚೇರಿಯಲ್ಲಿದ್ದಾಗ ನನ್ನ ಭಾನುವಾರ ಬುಧವಾರವೇ ಶುರುವಾಗುತ್ತಿತ್ತು. ಗಾಡಿ ಸಿಗುತ್ತದೋ ಇಲ್ಲವೋ, ಸಿಕ್ಕರೆ ಅದರ ಅಚ್ಚು ಮುರಿಯುತ್ತದೋ, ಮುರಿಯದಿದ್ದರೆ ಅಮಲ್ದಾರರು ಶನಿವಾರ ಸಂಜೆಯೇ ಏನಾದರೂ ಕೆಲಸ ಹಚ್ಚುತ್ತಾರೋ ಎಂದು. ಹೆಂಡತಿ ಚೊಚ್ಚಲ ಬಸುರಿ, ಹೊಸದುರ್ಗದ ತವರಿನಲ್ಲಿದ್ದಳು. ಅಕ್ಕ ದುರ್ಗದಲ್ಲಿ. ಒಂದು ಭಾನುವಾರ ಅತ್ತ, ಒಂದು ಭಾನುವಾರ ಇತ್ತ. ಹೊಸದುರ್ಗದ ತೋಟದಲ್ಲಿ ಎಳನೀರು ಕುಡಿಯುವಾಗ ಅಕ್ಕನ ಚಿಂತೆ, ದುರ್ಗದಲ್ಲಿ ರೊಟ್ಟಿ ಮುರಿಯುವಾಗ ಹೆಂಡತಿಯ ಚಿಂತೆ, ಎರಡೂ ಕಡೆ ಹೊತ್ತು ನೆತ್ತಿಗೇರಿದೊಡನೆ ಸೋಮವಾರದ ಚಿಂತೆ. ರಜೆಯಿಂದ ಇಷ್ಟೊಂದು ದುಡಿತ ತೆಗೆದವರು ಕಡಿಮೆ.

ಅಕ್ಕ ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡು ಮನೆಗೆ ಮರಳಿದವಳು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ನನ್ನ ಹೆದರಿಕೆಗಳನ್ನೆಲ್ಲ ಚಿಕ್ಕಂದಿನಿಂದ ನೋಡಿದ್ದಳಾದ್ದರಿಂದ ಒಂದಕ್ಕೂ ಬೆಲೆ ಕೊಡುತ್ತಿರಲಿಲ್ಲ.

ಆ ವರ್ಷ ದುರ್ಗಕ್ಕೆ ಪ್ಲೇಗು ಬಂತು. ಇಲಿ ಸತ್ತು ಬಿದ್ದ ಬೀದಿಗಳಿಗೆಲ್ಲ ಬೀಗ ಬಿತ್ತು. ಜನ ಮದಕರಿಪುರದ ಕಡೆಯ ಹೊಲಗಳಲ್ಲಿ ಬಿದಿರು ನೆಟ್ಟು, ಸೋಗೆ ಹೊದಿಸಿಕೊಂಡು ಕೂತರು. ಅಕ್ಕನೂ ಅಲ್ಲೊಂದು ಗುಡಿಸಲು ಹಾಕಿಕೊಂಡಳು. ದಿನಾ ಬೆಳಿಗ್ಗೆ ತಪಾಸಣೆಯ ಅಧಿಕಾರಿ ಬಂದು ಎಲ್ಲರ ಬಾಯಿಗೂ ಗಾಜಿನ ಕಡ್ಡಿ ಇಟ್ಟು ಜ್ವರ ನೋಡುತ್ತಿದ್ದ. ಜ್ವರ ಕಂಡವರನ್ನು ಡೋಲಿಯಲ್ಲಿ ಹಾಕಿ ದೂರದ ಮುಳ್ಳುಬೇಲಿಯೊಳಗಿನ ಶೆಡ್ಡಿಗೆ ಸಾಗಿಸುತ್ತಿದ್ದರು. ಬೇಲಿಯೊಳಕ್ಕೆ ಹೊರಗಿನವರು ಹೋಗುವಂತಿರಲಿಲ್ಲ. ಸತ್ತರೆ ಆಳುಗಳು ಸುಣ್ಣ ಸುರಿದು ಮುಚ್ಚುತ್ತಿದ್ದರು. ನಮ್ಮಲ್ಲಿ ಸತ್ತವರ ಹಣೆಗೆ ವಿಭೂತಿ ಇಟ್ಟು, ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತೇವೆ. ಬೇಲಿಯೊಳಗೆ ಇದನ್ನೆಲ್ಲ ಮಾಡುವವರು ಯಾರು? ಜನಕ್ಕೆ ಸಾವಿನಷ್ಟೇ ಭಯ ಇದರದ್ದಿತ್ತು.

ಭಾನುವಾರ ಮಾತ್ರ ತಪಾಸಣೆ ಇರಲಿಲ್ಲ. ಆ ಅಧಿಕಾರಿಗೂ ರಜೆ ಬೇಕಲ್ಲ. ಆದ್ದರಿಂದ ಜ್ವರ ಮುಚ್ಚಿಟ್ಟವರೆಲ್ಲ ಭಾನುವಾರವನ್ನೇ ನಂಬಿಕೊಂಡಿದ್ದರು. ಅವತ್ತು ಕಷಾಯ, ಒದ್ದೆಬಟ್ಟೆ, ಹರಕೆ ಎಲ್ಲ ಮುಗಿಸಿ ಸೋಮವಾರ ಬೆಳಿಗ್ಗೆ ಕಡ್ಡಿಗೆ ಬಾಯಿ ತೆರೆಯಬೇಕು.

ಅಂಥದೊಂದು ಭಾನುವಾರ ಬೆಳಿಗ್ಗೆ ನಾನು ಗಾಡಿ ಇಳಿದಾಗ ಪಕ್ಕದ ಗುಡಿಸಲಿನಾಕೆ ಎದುರಿಗೇ ಬಂದಳು.

"ಬರ್ರಿ. ನಿಮ್ಮಕ್ಕಗೆ ನಿನ್ನೆ ಮಧ್ಯಾಹ್ನದಿಂದ ಮೈ ಕಾದೈತೆ. ಕಂಕುಳಾಗೆ ಗಂಟೂ ಐತೆ. ನಾವ್ಯಾರೂ ಬಾಯಿ ಬಿಟ್ಟಿಲ್ಲ."

ಅಕ್ಕ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಇಡೀ ದಿನವನ್ನು ಮನಸ್ಸಿನಲ್ಲೇ ಭಾಗ ಮಾಡಿದೆ. ಮೊದಲು ಬೇವಿನ ಕಷಾಯ, ಆಮೇಲೆ ಒದ್ದೆಬಟ್ಟೆ, ಸಂಜೆಗೆ ತಣ್ಣೀರಿನ ಅಭ್ಯಾಸ. ಕಡ್ಡಿ ಇಡುವ ಮುಂಚೆ ಬಾಯಲ್ಲಿ ತಣ್ಣೀರು ತುಂಬಿಕೊಂಡಿದ್ದು ನುಂಗಿದರೆ ಜ್ವರ ಕಾಣುವುದಿಲ್ಲವೆಂದು ಕ್ಯಾಂಪಿನವರು ಕಂಡುಕೊಂಡಿದ್ದರು. ನಾನು ಕೊಡ ತರಲು ಓಡಿದೆ, ಬಟ್ಟೆ ಹರಿದೆ, ಕಷಾಯ ಉಕ್ಕಿಸಿ ಒಲೆ ಆರಿಸಿದೆ.

"ಲೇ, ಕುಂತ್ಕ," ಎಂದಳು ಅಕ್ಕ. "ನಿನ್ನ ನೋಡಿದ್ರೆ ಜ್ವರ ನಿಂಗೇ ಬಂದಂಗೈತೆ."

"ಅಕ್ಕಾ, ನಾಳೆ ಅವನು ಬಂದಾಗ ನೀನು ಬಾಯಾಗೆ ನೀರಿಟ್ಕಂಡು..."

"ನಾಳೆ ನೀನೆಲ್ಲಿರ್ತೀಯ?"

"ಹೊಳಲ್ಕೆರೇಲಿ."

"ಹೂಂ. ನಾನು ಸಿಕ್ಕಿಬಿದ್ರೆ ಡೋಲಿಯೋರು ಕಾಲು ಹಿಡಿದು ಎಳ್ಕಂಡು ಹೋಗ್ತಾರೆ. ಸಿಕ್ಕಿಬೀಳಲಿಲ್ಲ ಅನ್ನು, ಪಕ್ಕದಾಗೆ ಮಕ್ಕಳವೆ. ಇವತ್ತಾದ್ರೆ ನೀನಿದೀಯ. ಇವತ್ತೇ ಹೋಗಾಣ, ನಡಿ."

"ಎಲ್ಲಿಗೆ?"

"ಹಾಲುರಾಮೇಶ್ವರದ ಜಾತ್ರೆಗೆ. ಎಲ್ಲಿಗೆ ಅಂತ ಕೇಳ್ತಾನೆ ನೋಡು!"

ಪಕ್ಕದಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. "ಅವ್ವಾ, ಬೇಲಿಯೊಳಗೆ ತಾನಾಗೇ ನಡ್ಕಂಡು ಹೋದೋರು ಯಾರೂ ಇಲ್ಲ ಕಣವ್ವಾ."

"ನಾನು ಹೋಗ್ತೀನಿ. ನೀನು ನಿನ್ನ ಹುಡುಗ್ರನ್ನ ಈ ಕಡೆ ಬಿಡಬ್ಯಾಡ."

ಅವಳು ಲಿಂಗಪೂಜೆ ಮುಗಿಸಿ, ವಿಭೂತಿಯ ಗಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಹೊಲದ ಬದುವಿನ ಮೇಲೆ ನಾವು ನಡೆದೆವು. ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿದ್ದಳು. ಕೂತಾಗಲೆಲ್ಲ ನನ್ನ ಹೆಂಡತಿಯ ಸುದ್ದಿ ಕೇಳುತ್ತಿದ್ದಳು.

"ಹುಟ್ಟೋ ಕೂಸಿಗೆ ನಿನ್ನ ಮುಖ ಬರದಿದ್ರೆ ಸಾಕು. ಹೆತ್ತೋಳು ಹೆದರ್ಕಂತಾಳೆ."

ನಾನು ನಗಬೇಕಿತ್ತು. ಗಾಡಿಯವನಿಗೆ ಸಂಜೆಗೆ ಬರುತ್ತೇನೆಂದು ಹೇಳಿದ್ದು ನೆನಪಾಗಿ ಹೊತ್ತೆಷ್ಟಾಯಿತೆಂದು ಸೂರ್ಯನನ್ನು ನೋಡಿದೆ. ಇಂಥ ಹೊತ್ತಿನಲ್ಲೂ ನನ್ನ ತಲೆ ಹಾಗೇ.

ಬೇಲಿಯ ಬಾಗಿಲಲ್ಲಿ ಮುದಿ ಕಾವಲುಗಾರನೊಬ್ಬ ಬೀಡಿ ಸೇದುತ್ತಿದ್ದ. ನಮ್ಮನ್ನು ನೋಡಿ ಎದ್ದು ನಿಂತ.

"ಇವತ್ತು ಸೇರಿಸ್ಕಣಂಗಿಲ್ಲರಿ. ಡಾಕ್ಟರು ಇಲ್ಲ. ಭಾನುವಾರ. ನಾಳೆ ಬರ್ರಿ."

ಪ್ಲೇಗೂ ಕಚೇರಿಯ ವೇಳೆಯಲ್ಲೇ ಬರಬೇಕು. ನನ್ನ ಜೀವಮಾನದಲ್ಲಿ ಹುಕುಂ ಎಂದರೆ ತಲೆ ಬಾಗಿಸಿದವನು ನಾನು. ಅವತ್ತು ಏನು ಹೇಳಿದೆನೋ, ಧ್ವನಿ ಏರಿತ್ತು. ಅಕ್ಕ ಮಾತ್ರ ಬಾಗಿಲಲ್ಲೇ ಕೂತುಬಿಟ್ಟಳು.

"ಯಪ್ಪಾ, ಸೇರಿಸ್ಕಬ್ಯಾಡ. ನಾನು ಸೇರಾಕೆ ಬಂದಿಲ್ಲ. ಒಳಗೆ ಒಂದೀಟು ಮಲಗಾಕೆ ಬಂದೀನಿ. ನಾಳೆ ನಿಮ್ಮ ಡಾಕ್ಟರು ಬಂದು ಸೇರಿಸ್ಕಳ್ಳಲಿ."

ಕಾವಲುಗಾರ ತಲೆ ಕೆರೆದುಕೊಂಡ. "ಈ ಯಪ್ಪ?"

"ಇವನು ಹೊರಗೆ ಕುಂತ್ರೆ ಚಿಂತೆ ಮಾಡಿ ಮಾಡಿ ಇವನೇ ಸಾಯ್ತಾನೆ. ಒಳಗೇ ಬಿಡು."

ಸೇರಿಸಿಕೊಳ್ಳದ ರೋಗಿಗೆ ಜೊತೆಯವರು ಇರಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೊನೆಯ ಖಾಲಿ ಶೆಡ್ಡು ತೋರಿಸಿದ.

ಆ ದಿನವೆಲ್ಲ ಅವಳ ಪಕ್ಕದಲ್ಲಿದ್ದೆ. ಬೇರೆ ಶೆಡ್ಡುಗಳಿಂದ ನರಳಾಟ ಕೇಳುತ್ತಿತ್ತು. ನೀರು ಕೇಳಿದರೆ ಹನಿ ಹನಿಯಾಗಿ ಬಿಟ್ಟೆ. ಸಂಜೆಗೆ ಅವಳು ಬಡಬಡಿಸತೊಡಗಿದಳು. ನನ್ನನ್ನು ಅಪ್ಪನೆಂದು ತಿಳಿದು ಏನೋ ದೂರು ಹೇಳಿದಳು. ಗಾಡಿ ಹೊರಡುವ ಹೊತ್ತು ಬಂತು, ಹೋಯಿತು. ಸೋಮವಾರದ ಹಾಜರಿಗೆ ಅಷ್ಟು ವರ್ಷ ಹೆದರಿದ್ದೆ. ಅದು ಇಷ್ಟು ಸದ್ದಿಲ್ಲದೆ ತಪ್ಪಿಹೋಗುತ್ತದೆಂದು ತಿಳಿದಿರಲಿಲ್ಲ.

ಸೋಮವಾರ ಡಾಕ್ಟರು ಬರುವ ಮುಂಚೆಯೇ ಅಕ್ಕ ಹೋದಳು. ವಿಭೂತಿ ತೇಯ್ದು ಹಣೆಗೆ, ತೋಳಿಗೆ, ಎದೆಗೆ ನಾನೇ ಹಚ್ಚಿದೆ. ಲಿಂಗವನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿದೆ. ಕೂರಿಸುವಷ್ಟು ಆಳದ ಗುಂಡಿಗೆ ಡಾಕ್ಟರು ಒಪ್ಪಲಿಲ್ಲ. ತೋಡುವ ಆಳುಗಳು ಇಬ್ಬರೇ, ಕಾದಿದ್ದ ಹೆಣಗಳು ಇನ್ನೂ ಇದ್ದವು. ಮಲಗಿಸಿದರು.

ನನ್ನನ್ನು ಅಲ್ಲೇ ಉಳಿಸಿಕೊಂಡರು, ರೋಗಿಯ ಜೊತೆಯಲ್ಲಿದ್ದವನೆಂದು. ಮೈ ಮುಟ್ಟಿ ನೋಡಿಕೊಳ್ಳುವುದರಲ್ಲಿ ವಾರ ಕಳೆಯಿತು. ಜ್ವರ ಬರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಬೇಲಿಯ ಬಾಗಿಲಲ್ಲಿ ಮಾತು ಕೇಳಿಸಿತು. ರೈತನೊಬ್ಬ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ನಿಂತಿದ್ದ.

"ಭಾನುವಾರ ಬಂದ್ರೆ ಜೊತೆಯೋರ್ನೂ ಒಳಗೆ ಬಿಡ್ತಾರಂತಲ್ಲ. ಅದಕ್ಕೇ ಮೂರು ದಿನದಿಂದ ಮುಚ್ಚಿಟ್ಕಂಡಿದ್ದೆ."

"ಹುಕುಂ ಬಂದೈತಪ್ಪ," ಎಂದ ಕಾವಲುಗಾರ. "ಇನ್ಮ್ಯಾಲೆ ಭಾನುವಾರನೂ ಸೇರಿಸ್ಕಂತೀವಿ. ಆಕಿನ ಕೊಟ್ಟು ನೀನು ಹೋಗು."

ಕಚೇರಿಯವನಾದ ನನಗೆ ಗೊತ್ತು, ನಮ್ಮಲ್ಲಿ ಯಾವ ಕಾಗದವೂ ಇಷ್ಟು ಬೇಗ ನಡೆಯುವುದಿಲ್ಲ; ನಾನು ಒಳಗೆ ಉಳಿದದ್ದಕ್ಕೇ ಇದು ವಾರದೊಳಗೆ ನಡೆದಿತ್ತು. ಆ ರೈತ ಹೆಂಡತಿಯನ್ನು ಇಳಿಸಲಿಲ್ಲ, ತಿರುಗಿ ಹೋಗಲೂ ಇಲ್ಲ. ಹೊತ್ತುಕೊಂಡೇ ನಿಂತಿದ್ದ.