ಯಾರಿಗೂ ಬೇಡವಾದ ಟೀವಿಗಳಿಗೆ ಹೆಗಲು ಕೊಟ್ಟ ಅಕ್ಕ

ಬೆಳಗಿನ ಐದೂ ಮುಕ್ಕಾಲು. ಮೂರನೇ ಮಹಡಿಯಿಂದ ಇಳಿಯುವ ಮೆಟ್ಟಿಲಿನ ತಿರುವಿನಲ್ಲಿ ಇಪ್ಪತ್ತೊಂಬತ್ತು ಇಂಚಿನ ಹಳೆಯ ಟೀವಿಯೊಂದು ಸಿಕ್ಕಿಹಾಕಿಕೊಂಡಿದೆ. ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ಎರಡು ಮೆಟ್ಟಿಲು ಕೆಳಗೆ ಐವತ್ತರ ಗಟ್ಟಿಮುಟ್ಟಾದ ಗಂಡಸೊಬ್ಬರು ಅದರ ಗಾಜಿನ ಪರದೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಾರೆ. ಮೇಲಿನ ಮೆಟ್ಟಿಲಲ್ಲಿ ಅವರ ಅತ್ತಿಗೆ. ವಯಸ್ಸು ಐವತ್ತಮೂರು, ಮೈಮೇಲೆ ದಪ್ಪ ಬಟ್ಟೆಯ ತುಂಬುತೋಳಿನ ಅಂಗಿ, ಕೈಗೆ ಚರ್ಮದ ಗವಸು, ಹೆಗಲ ಮೇಲೆ ಹಾದು ಟೀವಿಯ ಅಡಿಗೆ ಹೋಗಿರುವ ಅಗಲವಾದ ಪಟ್ಟಿ.

“ಎಡಕ್ಕೆ ತಿರುಗಿಸು. ನಿನ್ನ ಎಡ ಅಲ್ಲಪ್ಪಾ, ಟೀವಿ ಎಡ!”

“ಟೀವಿಗೆ ಎಡ ಬಲ ಯಾವಾಗ ಬಂತು ಅತ್ತಿಗೆ?”

“ಮಾತು ಆಮೇಲೆ. ಮೊದಲು ಮೊಣಕಾಲು ಬಗ್ಗಿಸು.”

ಒಂದು ಉಸಿರು, ಒಂದು ಸಣ್ಣ ಓಲಾಟ. ಟೀವಿ ತಿರುವಿನಿಂದ ಬಿಡಿಸಿಕೊಂಡು ಇಳಿಯತೊಡಗುತ್ತದೆ. ಗೋಡೆಯ ಸುಣ್ಣಕ್ಕೆ ಒಂದು ಗೀರೂ ಬಿದ್ದಿಲ್ಲ. ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ಮನೆಯ ಯಜಮಾನರು, ನಿವೃತ್ತ ಮೇಷ್ಟ್ರು, ಐದು ತಿಂಗಳಿಂದ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಈಗ ಬಿಡುತ್ತಾರೆ.

ಐದು ತಿಂಗಳು ಎನ್ನುವುದು ಉತ್ಪ್ರೇಕ್ಷೆಯಲ್ಲ. ಮೇಷ್ಟ್ರು ಮೊದಲು ರಿಪೇರಿ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವನು ಈಗ ಮೊಬೈಲ್ ಕವರ್ ಮಾರುತ್ತಾನಂತೆ. ಗುಜರಿಯವನು ಬಂದು ನೋಡಿ, “ಒಳಗಿನ ತಾಮ್ರ ಬೇಕಿದ್ರೆ ತಗೊಂಡು ಹೋಗ್ತೀನಿ, ಗಾಜು ನಿಮಗೇ ಇರ್ಲಿ” ಅಂದ. ಕಸದ ಗಾಡಿಯವರು ದೂರದಿಂದಲೇ ಕೈ ಮುಗಿದರು. ಹೊಸ ಟೀವಿ ಕೊಟ್ಟ ಅಂಗಡಿಯವರು ಹಳೆಯದನ್ನು ಒಯ್ಯುವ ಮಾತು ಬಂದಾಗ ನಕ್ಕರು. ನೆಂಟರಿಗೆ ಪುಕ್ಕಟೆ ಕೊಡುತ್ತೇನೆಂದರೆ ನೆಂಟರು ಬರುವುದನ್ನೇ ನಿಲ್ಲಿಸಿದರು. ಕಡೆಗೊಂದು ಸಂಜೆ ಪಕ್ಕದ ಮನೆಯವರ ಸಹಾಯದಿಂದ ಅದನ್ನು ಕೆಳಗಿಳಿಸಿ, ಬೀದಿಯ ಮರದ ಬುಡದಲ್ಲಿಟ್ಟು ಸದ್ದಿಲ್ಲದೆ ಬಂದು ಮಲಗಿದರು. ಬೆಳಗ್ಗೆ ಬಾಗಿಲು ಬಡಿಯಿತು. ಕಾವಲುಗಾರ ಇನ್ನಿಬ್ಬರನ್ನು ಕಟ್ಟಿಕೊಂಡು, ಬೆವರು ಸುರಿಸುತ್ತಾ ಟೀವಿಯೊಂದಿಗೆ ನಿಂತಿದ್ದ. “ಸಾರ್, ಮರೆತು ಕೆಳಗೆ ಬಿಟ್ಟಿದ್ರಿ. ಯಾರಾದ್ರೂ ಹೊತ್ಕೊಂಡು ಹೋಗಿದ್ರೆ?”

“ನಾನು ಅವನಿಗೆ ಥ್ಯಾಂಕ್ಸ್ ಬೇರೆ ಹೇಳ್ಬೇಕಾಯ್ತು” ಎಂದು ಮೇಷ್ಟ್ರು ಮುಖ ಸಣ್ಣದು ಮಾಡುತ್ತಾರೆ. ಒಳಗಿನಿಂದ ಅವರ ಹೆಂಡತಿಯ ನಗು ಕೇಳಿಸುತ್ತದೆ. ಆ ಹೆಂಡತಿಗೇ ಯಾರೋ ಒಂದು ನಂಬರ್ ಕೊಟ್ಟದ್ದು. ‘ಟೀವಿ ಅಕ್ಕ’ ಅಂತ ಬರೆದುಕೊಂಡಿದ್ದರಂತೆ. ಈ ಊರಿನಲ್ಲಿ ಆರು ವರ್ಷಗಳಿಂದ ಅವರಿಗೆ ಅದೇ ಹೆಸರು.

ಟೀವಿ ಅಕ್ಕನ ಸಾಮಾನು ಸರಂಜಾಮು ಹೆಚ್ಚೇನಿಲ್ಲ. ಮೂರು ಚಕ್ರದ ಒಂದು ಸರಕಿನ ಆಟೋ, ಎರಡು ಹಳೆಯ ಹಾಸಿಗೆ, ಗೋಣಿಚೀಲಗಳು, ಮತ್ತು ಆ ಪಟ್ಟಿ. ಪಟ್ಟಿಯನ್ನು ಹೊಲಿದುಕೊಟ್ಟವರು ಅವರ ಗಂಡ. ವೃತ್ತಿಯಿಂದ ದರ್ಜಿ. ಗುಜರಿಗೆ ಬಂದ ಕಾರುಗಳ ಸೀಟ್ ಬೆಲ್ಟ್‌ಗಳನ್ನು ಮೂರು ಪದರ ಸೇರಿಸಿ ಹೊಲಿದಿದ್ದಾರೆ. ಎಪ್ಪತ್ತು ಕೆಜಿ ಭಾರ ತಡೆಯುತ್ತದೋ ಇಲ್ಲವೋ ನೋಡಲು ಮೊದಲ ದಿನ ತಮ್ಮನನ್ನೇ ಅದರಲ್ಲಿ ಕೂರಿಸಿ ಎತ್ತಿದರಂತೆ. ಆ ತಮ್ಮನೇ ಈಗ ಅಕ್ಕನ ಜೊತೆ ಟೀವಿ ಹೊರುವ ಮೈದುನ. ಮೊದಲು ಪೀಠೋಪಕರಣದ ಅಂಗಡಿಯಲ್ಲಿ ಹಮಾಲಿಯಾಗಿದ್ದವರು.

ದಿನಕ್ಕೆ ನಾಲ್ಕೈದು ಮನೆ. ಇಪ್ಪತ್ತೊಂದು ಇಂಚಿನದಾದರೆ ಇಪ್ಪತ್ತೈದು ಕೆಜಿ ಒಳಗೆ, ಇಪ್ಪತ್ತೊಂಬತ್ತರದ್ದಾದರೆ ಐವತ್ತರ ಹತ್ತಿರ. ಕಂಪ್ಯೂಟರ್ ಮಾನಿಟರ್ ಹದಿನೈದು ಕೆಜಿ; ಅದನ್ನು ಅಕ್ಕ ಒಬ್ಬರೇ ಎತ್ತುತ್ತಾರೆ. ಎಂಟು ಗಂಟೆಯ ಮೇಲೆ ದೊಡ್ಡ ರಸ್ತೆಗಳಲ್ಲಿ ಸರಕಿನ ಗಾಡಿ ಬಿಡುವುದಿಲ್ಲ, ಅಷ್ಟು ಹೊತ್ತಿಗೆ ಮೆಟ್ಟಿಲುಗಳಲ್ಲೂ ಶಾಲೆ ಮಕ್ಕಳ ಓಡಾಟ ಶುರುವಾಗುತ್ತದೆ. ಹಾಗಾಗಿ ಇವರ ದುಡಿಮೆಯೆಲ್ಲ ಊರು ಹಲ್ಲುಜ್ಜುವುದರೊಳಗೇ ಮುಗಿಯಬೇಕು. ಮನೆಯವರು ಕೊಡುವ ಹೊರೆ ಕೂಲಿಯೇ ಸಂಪಾದನೆ. ಮೂರು ಮಂದಿಯ ಸಂಸಾರ ಅದರಲ್ಲಿ ಮತ್ತು ಹೊಲಿಗೆ ಯಂತ್ರದಲ್ಲಿ ನಡೆಯುತ್ತದೆ.

ಈ ಕೆಲಸಕ್ಕೆ ಅಕ್ಕ ಹೇಗೆ ಬಂದರು? ಕೇಳಿದರೆ ಅವರು ಹಿಂದಿನಿಂದ ಶುರು ಮಾಡುತ್ತಾರೆ.

“ಹತ್ತೊಂಬತ್ತು ವರ್ಷಕ್ಕೆ ಟೀವಿ ಫ್ಯಾಕ್ಟರಿ ಸೇರ್ಕೊಂಡೆ. ಹದಿಮೂರು ವರ್ಷ ಇದ್ದೆ. ಕೊನೇ ಮೇಜು ನಂದು. ಚಿತ್ರ ಸರಿ ಬರ್ತಿದೆಯಾ, ಬಣ್ಣ ಒಂದರ ಮೇಲೊಂದು ಹತ್ತಿದೆಯಾ ಅಂತ ನೋಡಿ ಹಿಂದಿನ ಮುಚ್ಚಳದ ಒಳಗೆ ನಂಬರ್ ಒತ್ತೋದು. ನಂದು ಹದಿನೇಳು. ನಾನು ಒತ್ತದೆ ಪೆಟ್ಟಿಗೆಗೆ ಹೋಗೋ ಹಾಗಿರ್ಲಿಲ್ಲ.”

ಗೋಡೆಗೆ ಅಂಟಿಕೊಳ್ಳುವ ತೆಳು ಟೀವಿಗಳು ಬಂದವು. ಮೂರು ಪಾಳಿ ಎರಡಾಯಿತು, ಎರಡು ಒಂದಾಯಿತು. ಒಂದು ಸೋಮವಾರ ಗೇಟಿಗೆ ಬೀಗ. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದರು, ಔಷಧಿ ಅಂಗಡಿಯಲ್ಲಿ ಪೆಟ್ಟಿಗೆ ಕಟ್ಟಿದರು. ಟೀವಿಯ ಸಹವಾಸ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದರು.

ಹಾಗೆ ವರ್ಷಗಳು ಉರುಳಿದ ಮೇಲೆ ಒಂದು ದಿನ, ಅವರ ಬೀದಿ ಗುಡಿಸುವ ಗೆಳತಿ ಬಲಗೈಗೆ ಬಟ್ಟೆ ಸುತ್ತಿಕೊಂಡು ಬಾಗಿಲಿಗೆ ಬಂದು ನಿಂತರು. ಬಟ್ಟೆಯೆಲ್ಲ ರಕ್ತ. ಯಾರೋ ಟೀವಿಯೊಂದನ್ನು ಒಡೆದು ತಾಮ್ರದ ಸುರುಳಿ ಕಿತ್ತುಕೊಂಡು, ಗಾಜನ್ನು ಎಲೆ ಕಸದೊಳಗೆ ಮುಚ್ಚಿ ಹೋಗಿದ್ದರು. ಗೆಳತಿ ಬುಟ್ಟಿ ತುಂಬಲು ಕೈ ಹಾಕಿದ್ದರು. ಅಂಗೈಗೆ ಹನ್ನೊಂದು ಹೊಲಿಗೆ ಬಿದ್ದವು. ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

“ಆಸ್ಪತ್ರೆಯಿಂದ ಬಂದೋಳು ನೇರ ಆ ಕಸದ ರಾಶಿ ಹತ್ರ ಹೋದೆ. ಗಾಜು ನೋಡಿದ್ರೆ ನಮ್ಮ ಫ್ಯಾಕ್ಟರೀಲಿ ಹಾಕ್ತಿದ್ದ ಗಾಜೇ. ಅದನ್ನ ನಾವು ಹಸುಗೂಸಿನ ಹಾಗೆ ಎತ್ಕೊಳ್ತಿದ್ವಿ. ಅದರಲ್ಲಿ ಸೀಸ ಇರುತ್ತೆ, ಒಡೆದ್ರೆ ಪುಡಿ ಮೂಗಿಗೆ ಹೋಗಬಾರದು ಅಂತ ಮೊದಲ ದಿನಾನೇ ಹೇಳಿಕೊಟ್ಟಿದ್ರು. ನಮಗೆ ಹೇಳಿಕೊಟ್ಟಿದ್ರು, ಬೀದಿ ಗುಡಿಸೋಳಿಗೆ ಯಾರು ಹೇಳಿದ್ರು?”

ಮಾರನೆಯ ವಾರ ಅದೇ ಬೀದಿಯ ಮೂರು ಮನೆಗಳಿಂದ ಮೂರು ಟೀವಿ ಹೊತ್ತು ತಂದು ತಮ್ಮ ಮನೆಯಲ್ಲಿಟ್ಟುಕೊಂಡರು. ಗಾಜನ್ನು ಬೇರ್ಪಡಿಸುವ ಕಾರ್ಖಾನೆ ಬೇರೊಂದು ಊರಿನಲ್ಲಿದೆ ಎಂದು ಹುಡುಕಿ ಫೋನ್ ಮಾಡಿದಾಗ ಅವರು ಹೇಳಿದ್ದು ಒಂದೇ ಮಾತು: ಲಾರಿ ತುಂಬುವಷ್ಟು ಇದ್ದರೆ ಬರುತ್ತೇವೆ. ಲಾರಿ ತುಂಬಲು ಬೇಕಾದದ್ದು ಇನ್ನೂರು!

“ಹೂಂ ಅಂದ್ಬಿಟ್ಟೆ” ಎನ್ನುತ್ತಾರೆ ಅಕ್ಕ. “ಫೋನ್ ಇಟ್ಟ ಮೇಲೆ ಮನೆ ಕಡೆ ತಿರುಗಿ ನೋಡಿದೆ. ಇರೋದೇ ಎರಡು ಕೋಣೆ.”

ಎರಡು ಕೋಣೆ ಹೇಗೆ ತುಂಬಿತು ಎಂಬುದನ್ನು ಗಂಡನ ಬಾಯಲ್ಲೇ ಕೇಳಬೇಕು. ಹೊಲಿಗೆ ಯಂತ್ರ ಜಗುಲಿಗೆ ಬಂತು. ಮಂಚ ಮಾರಿ, ಹದಿನಾರು ಮಾನಿಟರ್‌ಗಳ ಮೇಲೆ ಹಲಗೆ ಹಾಸಿ ಅದರ ಮೇಲೆ ಮಲಗಿದರು. ಬಚ್ಚಲಿಗೆ ಹೋಗಬೇಕಾದರೆ ಅಡ್ಡಡ್ಡ ನಡೆಯಬೇಕು. “ಮದುವೆಯಾದ ಹೊಸದರಲ್ಲಿ ನಾನೇ ಕೇಳಿದ್ದೆ, ಮನೆಗೊಂದು ಟೀವಿ ಬೇಕು ಕಣೇ ಅಂತ. ಇಷ್ಟು ಮನಸ್ಸಿಗೆ ಹಚ್ಕೊಂಡಿದ್ದಾಳೆ ಅಂತ ಗೊತ್ತಿರ್ಲಿಲ್ಲ.” ಹೇಳುವಾಗ ಅವರ ಮುಖ ಗಂಭೀರ. ಅಕ್ಕನೇ ನಗುವುದು.

ನೂರಾ ನಲವತ್ತು ತುಂಬುವಷ್ಟರಲ್ಲಿ ಅಕ್ಕಪಕ್ಕದವರು ಗಾಬರಿಯಾದರು. ಅಷ್ಟೂ ಒಟ್ಟಿಗೆ ಸಿಡಿದರೆ ಬೀದಿಯೇ ಹೋಗುತ್ತದೆ ಎಂಬ ಸುದ್ದಿ ಹಬ್ಬಿತು. ನಗರಸಭೆಯ ಆರೋಗ್ಯ ನಿರೀಕ್ಷಕರು ಬಂದು ನೋಡಿದರು, ತಲೆ ಕೆರೆದುಕೊಂಡರು, ನೋಟಿಸು ಕೊಟ್ಟರು. ವಾಸದ ಮನೆಯಲ್ಲಿ ಅಪಾಯಕಾರಿ ತ್ಯಾಜ್ಯ. ಏಳು ದಿನದೊಳಗೆ ತೆರವು ಮಾಡಬೇಕು, ಇಲ್ಲವಾದರೆ ನಗರಸಭೆಯೇ ಎತ್ತಿಕೊಂಡು ಹೋಗಿ ಊರಾಚೆಯ ಕಸದ ಗುಡ್ಡೆಗೆ ಹಾಕುತ್ತದೆ.

“ಅದನ್ನ ಎರಡು ಸಲ ಓದಿದೆ” ಎಂದು ಅಕ್ಕ ಹೇಳುತ್ತಾರೆ. “ಕಸದ ಗುಡ್ಡೇಲಿ ಚಿಂದಿ ಆಯೋರಿದಾರೆ. ಬರಿಗೈ, ಬರಿಗಾಲು. ನನ್ನ ಗೆಳತಿ ಕೈ ಕುಯ್ದ ಗಾಜನ್ನೇ ನಾನು ನೂರಾ ನಲವತ್ತು ಕೂಡಿಟ್ಟು ಅವರ ಕಾಲಿಗೆ ಕೊಟ್ಟ ಹಾಗಾಯ್ತಲ್ಲ.”

ನಾಲ್ಕನೇ ದಿನ ಇನ್ನಷ್ಟು ಕಾಲಾವಕಾಶ ಕೇಳಲು ನಗರಸಭೆ ಕಚೇರಿಗೆ ಹೋದರು. ನಿರೀಕ್ಷಕರ ಕೋಣೆಯ ಮುಂದೆ ಒಂದು ಗಂಟೆ ಕೂತರು. ನಡುವೆ ಶೌಚಾಲಯ ಎಲ್ಲಿ ಎಂದು ಗುಮಾಸ್ತರನ್ನು ಕೇಳಿದರೆ, ಅವರು ಎದುರಿನ ಬಾಗಿಲು ತೋರಿಸಿ, “ಅದು ಇದೆ, ಆದ್ರೆ ಇಲ್ಲ. ಪಕ್ಕದ ಕಟ್ಟಡಕ್ಕೆ ಹೋಗಿ” ಎಂದರು. ಅಕ್ಕ ಬಾಗಿಲು ತಳ್ಳಿದರು. ಅರ್ಧ ಅಡಿ ತೆರೆದು ನಿಂತಿತು. ಸಂದಿಯಲ್ಲಿ ಇಣುಕಿದರೆ ನೆಲದಿಂದ ಕಿಟಕಿಯವರೆಗೆ ಮಾನಿಟರ್‌ಗಳು, ಒಂದರ ಮೇಲೊಂದು.

ಗುಮಾಸ್ತರು ಕಥೆ ಹೇಳಿದರು. ಒಟ್ಟು ಅರವತ್ತಮೂರು. ಒಂಬತ್ತು ವರ್ಷದಿಂದ ಅಲ್ಲೇ ಇವೆ. ಸರ್ಕಾರಿ ಆಸ್ತಿಯಾದ್ದರಿಂದ ಎಸೆಯುವಂತಿಲ್ಲ, ಹರಾಜು ಹಾಕಬೇಕು. ಮೂರು ಸಲ ಹಾಕಿದರು. ಎರಡು ಸಲ ಯಾರೂ ಬರಲಿಲ್ಲ. ಮೂರನೇ ಸಲ ಒಬ್ಬ ಬಂದ. ವಿಳಾಸ ತಪ್ಪಿ ಬಂದಿದ್ದ.

ಅಕ್ಕ ನೇರ ನಿರೀಕ್ಷಕರ ಮುಂದೆ ನಿಂತರು. “ಸಾರ್, ನನ್ನ ಮನೇಲಿರೋದು ಅಪಾಯ ಅಂತ ನೀವು ಬರೆದಿರೋದು ಸರಿ. ನಾನು ಜಗಳಕ್ಕೆ ಬಂದಿಲ್ಲ. ಆದ್ರೆ ನಿಮ್ಮ ಶೌಚಾಲಯದಲ್ಲಿರೋದಕ್ಕೆ ನೋಟಿಸು ಯಾರು ಕೊಡ್ತಾರೆ? ನನಗೊಂದು ಜಾಗ ಕೊಡಿ. ನಿಮ್ಮ ಅರವತ್ತಮೂರು, ನನ್ನ ನೂರಾ ನಲವತ್ತು. ಕೂಡಿಸಿ ನೋಡಿ ಸಾರ್, ಲಾರಿ ತುಂಬಿತು.”

ನಿರೀಕ್ಷಕರು ಎದ್ದು, ಅಕ್ಕನನ್ನು ಕರೆದುಕೊಂಡು ಆಯುಕ್ತರ ಕೋಣೆಗೆ ಹೋದರು. “ಆ ಬಾಗಿಲ ಮುಂದೆ ನಾನು ದಿನಕ್ಕೆ ಹತ್ತು ಸಲ ಓಡಾಡ್ತಿದ್ದೆ” ಎಂದು ಅವರು ಈಗ ನನ್ನೆದುರು ಒಪ್ಪಿಕೊಳ್ಳುತ್ತಾರೆ. “ಕಣ್ಣಿಗೆ ಬಿದ್ದಿದ್ರೂ ತಲೆಗೆ ಬಿದ್ದಿರ್ಲಿಲ್ಲ. ಆಯಮ್ಮ ಕೂಗಾಡಿದ್ರೆ ನಾನೂ ಕೂಗಾಡ್ತಿದ್ದೆ. ಲೆಕ್ಕ ಕೂಡಿಸಿ ತೋರಿಸಿದ್ರು, ಕರ್ಕೊಂಡು ಹೋದೆ.”

ನೋಟಿಸು ತಡೆಹಿಡಿಯಲಾಯಿತು. ಕಡತ ಮೇಜಿಂದ ಮೇಜಿಗೆ ನಡೆದು ಹನ್ನೊಂದು ವಾರಕ್ಕೆ ಆದೇಶ ಬಂತು. ಬಳಕೆ ತಪ್ಪಿದ ಹಳೆಯ ನೀರಿನ ಪಂಪಿನ ಮನೆಯ ಬೀಗದ ಕೈ ಅಕ್ಕನ ಕೈಗೆ ಸಿಕ್ಕಿತು. ಶೌಚಾಲಯ ಖಾಲಿಯಾದ ದಿನ ಇಡೀ ಕಚೇರಿ ಬಂದು ನಿಂತು ನೋಡಿತಂತೆ. ಆಯುಕ್ತರೇ ಖುದ್ದಾಗಿ ಕೊನೆಯ ಮಾನಿಟರಿಗೆ ಕೈ ಕೊಟ್ಟರಂತೆ.

ನಾನೀಗ ಅದೇ ಪಂಪಿನ ಮನೆಯಲ್ಲಿ ಕೂತಿದ್ದೇನೆ. ಎತ್ತರದ ಕಿಟಕಿ, ಒಣ ನೆಲ. ಗೋಡೆಯುದ್ದಕ್ಕೂ ಟೀವಿಗಳು ಸಾಲಾಗಿವೆ. ದೊಡ್ಡವು ಕೆಳಗೆ, ಚಿಕ್ಕವು ಮೇಲೆ, ಎರಡೆರಡರ ಪರದೆಗಳು ಎದುರುಬದುರು, ನಡುವೆ ಗೋಣಿಚೀಲ. ಒಂದರ ಹಿಂದಿನ ಮುಚ್ಚಳ ಮೊದಲೇ ಒಡೆದುಹೋಗಿದೆ. ಅಕ್ಕ ಟಾರ್ಚು ಬಿಟ್ಟು ಒಳಗೆ ತೋರಿಸುತ್ತಾರೆ. ಮಾಸಿದ ನೀಲಿ ಶಾಯಿಯಲ್ಲಿ ಹದಿನೇಳು. ಹೀಗೆ ಅವರ ಕೈ ಹಾದು ಹೋದ ಟೀವಿಗಳು ಈವರೆಗೆ ಒಂಬತ್ತು ಸಿಕ್ಕಿವೆ.

“ಬೇಜಾರಾಗಲ್ವಾ ಅಕ್ಕ?”

“ಯಾಕೆ ಬೇಜಾರು? ಎಷ್ಟು ಜನ ನೋಡಿ ನಕ್ಕಿರ್ತಾರೆ, ಅತ್ತಿರ್ತಾರೆ. ಬಾಳಿ ಬದುಕಿದ ಜೀವ ಅದು. ಹೆರಿಗೆ ಮಾಡಿಸಿದ ಸೂಲಗಿತ್ತೀನೇ ಬಂದು ಹೆಗಲು ಕೊಡೋ ಭಾಗ್ಯ ಎಲ್ಲರಿಗೂ ಸಿಗುತ್ತಾ?”

ಆರು ವರ್ಷದಲ್ಲಿ ಹೋಗಿರುವುದು ಹದಿನೆಂಟು ಲಾರಿ. ಗುಡಿಸುವ ಗೆಳತಿ ಈಗ ತಮ್ಮ ಜೊತೆ ಗುಡಿಸುವವರಿಗೆಲ್ಲ ಹೇಳಿಟ್ಟಿದ್ದಾರೆ. ರಸ್ತೆ ಬದಿಯಲ್ಲಿ ಹಳೆಯ ಟೀವಿ ಕಂಡರೆ ಮುಟ್ಟುವುದಿಲ್ಲ, ಅಕ್ಕನಿಗೆ ಫೋನ್ ಬರುತ್ತದೆ. ಎರಡು ವರ್ಷದಿಂದ ಅವರ ಪೈಕಿ ಯಾರ ಕೈಯನ್ನೂ ಈ ಗಾಜು ಕುಯ್ದಿಲ್ಲ.

ಪಂಪಿನ ಮನೆ ಊರಂಚಿನಲ್ಲಿದೆ, ಇಲ್ಲಿಗೆ ಬರುವ ಲಾರಿಗೆ ಎಂಟು ಗಂಟೆಯ ತಡೆಯಿಲ್ಲ. ಹತ್ತು ಗಂಟೆಗೆ ಹತ್ತೊಂಬತ್ತನೇ ಲಾರಿ ಬರುತ್ತದೆ. ಕಾರ್ಖಾನೆಯ ಆಳುಗಳು ನಾಲ್ವರು. ಆದರೆ ಯಾವುದು ಮೊದಲು, ಯಾವುದು ಯಾವುದರ ಪಕ್ಕ ಎಂದು ಹೇಳುವವರು ಅಕ್ಕನೇ. ಎರಡು ಗಂಟೆಯಲ್ಲಿ ಪಂಪಿನ ಮನೆ ಬರಿದಾಗುತ್ತದೆ. ಲಾರಿ ನಿಧಾನವಾಗಿ ತಿರುವು ದಾಟುವವರೆಗೂ ಅಕ್ಕ ಬಾಗಿಲಲ್ಲೇ ನಿಂತು ಕಿವಿಗೊಟ್ಟು ಆಲಿಸುತ್ತಾರೆ. ಲಾರಿಯೊಳಗಿನಿಂದ ಗಾಜು ತಾಕಿದ ಸದ್ದೂ ಇಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಯೋಚಿಸಿ, ಮೆಟ್ಟಿಲು ಇಳಿಯುವ ಕೈಗಾಡಿ ಅಂತ ಒಂದು ಬರುತ್ತದಂತೆ, ಅದೊಂದು ಸಿಕ್ಕರೆ ಮೈದುನನ ಮಂಡಿ ಇನ್ನೈದು ವರ್ಷ ಬರುತ್ತದೆ ಎನ್ನುತ್ತಾರೆ. ಆಮೇಲೆ ಅವರೇ ಮುಂದುವರಿಸುತ್ತಾರೆ.

“ಮೂರು ಸಾವಿರದ ಎಂಟುನೂರು ಹೊತ್ತಿದೀವಿ. ನಮ್ಮ ಕೈಲಿ ಒಡೆದಿದ್ದು ಎರಡೇ.”

“ಒಂದು” ಎಂದು ನೆಲ ಗುಡಿಸುತ್ತಿರುವ ಮೈದುನ ತಿದ್ದುತ್ತಾರೆ. “ಇನ್ನೊಂದು ನನಗೆ ಸೀನು ಬಂದಿದ್ದಕ್ಕೆ.”

“ಅದಕ್ಕೇ ಎರಡು ಅಂದಿದ್ದು” ಎನ್ನುತ್ತಾರೆ ಅಕ್ಕ. ಹೇಳುತ್ತಲೇ ಗವಸು ಕಳಚಿ ಇಟ್ಟು, ಇನ್ನೊಂದು ಪೊರಕೆ ಕೈಗೆ ತೆಗೆದುಕೊಳ್ಳುತ್ತಾರೆ.