ನುಚ್ಚಿನುಂಡೆಯ ಮೇಲಿನ ಬೆರಳು

ಭಾಂಡುಪ್ ಸ್ಟೇಷನ್ನಿನ ಹೊರಗೆ ಸೊಪ್ಪು ಮಾರುವ ಮರಾಠಿ ಹೆಂಗಸು, ನಾವು ಮಾವಶಿ ಎನ್ನುವವಳಿಗೆ, ಅಮ್ಮ ತೀರಿಕೊಂಡದ್ದನ್ನು ನಾನು ಹೇಳಲಿಲ್ಲ. ಹದಿಮೂರು ದಿನ ಕಳೆದು ಮೊದಲ ಸಲ ಹೋದಾಗ ಅವಳು ಬುಟ್ಟಿಯ ಹಿಂದೆ ಎತ್ತಿಟ್ಟಿದ್ದ ಸಬ್ಬಸಿಗೆ ಕಟ್ಟೊಂದನ್ನು ತೆಗೆದು, "ಆಜೀಚಾ ಶೇಪು" ಎಂದು ನನ್ನ ಚೀಲಕ್ಕೆ ಹಾಕಿದಳು. ಅಜ್ಜಿಯ ಸಬ್ಬಸಿಗೆ; ಅಮ್ಮನನ್ನು ಅವಳು ಕರೆಯುತ್ತಿದ್ದದ್ದೇ ಅಜ್ಜಿ ಎಂದು. "ಕಶೀ ಆಹೇ ಆಜಿ?" ಎಂದು, ಅಜ್ಜಿ ಹೇಗಿದ್ದಾಳೆಂದು ಕೇಳಿದಳು.

"ಠೀಕ್ ಆಹೇ" ಎಂದೆ.

ಯಾಕೆ ಹಾಗೆಂದೆ? ಅವತ್ತಿನ ಡೈರಿಯಲ್ಲಿ 'ಹಿಂದೆ ಜನ ನಿಂತಿದ್ದರು' ಎಂದು ಬರೆದಿದ್ದೇನೆ. ಮುಂದಿನ ವಾರದ ಪುಟದಲ್ಲಿ 'ಮಳೆ ಬಂತು, ಮಾತಾಡಲಾಗಲಿಲ್ಲ' ಎಂದಿದೆ. ಎರಡನ್ನೂ ಈಗ ನಂಬಲಾರೆ. ಇಷ್ಟು ದೊಡ್ಡ ಊರಿನಲ್ಲಿ ಅಮ್ಮ ಇನ್ನೂ ಬದುಕಿದ್ದ ಜಾಗ ಆ ಬುಟ್ಟಿಯ ಮುಂದೆ ಮಾತ್ರ ಉಳಿದಿತ್ತು.

ಹೀಗೆ ಪ್ರತಿ ಬುಧವಾರ ಅಮ್ಮನ ಸೊಪ್ಪು ಮನೆಗೆ ಬರತೊಡಗಿತು. ಬಂದ ಮೇಲೆ ನುಚ್ಚಿನುಂಡೆ ಮಾಡಲೇಬೇಕು. ನೆನೆಸಿದ ತೊಗರಿಬೇಳೆಯನ್ನು ಹಸಿಮೆಣಸಿನಕಾಯಿ, ಶುಂಠಿಯ ಜೊತೆ ತರಿತರಿಯಾಗಿ ರುಬ್ಬಿ, ಕಾಯಿತುರಿ, ಹೆಚ್ಚಿದ ಸಬ್ಬಸಿಗೆ ಕಲಸಿ, ಮುಷ್ಟಿಯಲ್ಲಿ ಒತ್ತಿ ಹಬೆಯಲ್ಲಿ ಬೇಯಿಸುತ್ತಿದ್ದೆ.

"ಬುಧವಾರ ಅಂದ್ರೆ ಭಯ ಆಗತ್ತೆ ಕಣೇ. ಲೋಕಲಲ್ಲಿ ಪಕ್ಕದವನು ನನ್ನ ಶರ್ಟು ಮೂಸಿ ಶೇಪು ಅಂದ" ಎಂದು ನನ್ನ ಗಂಡ ನಗಾಡಿದರು.

ಮಗಳು ನಗಲಿಲ್ಲ. "ಮಮ್ಮಾ, ಕಿಚನ್ ಎಲ್ಲಾ ಅಜ್ಜಿ ಸ್ಮೆಲ್" ಎಂದಳು. ಆಮೇಲೆ ಅವರೂ ನಗಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ದಿನ ಮಾವಶಿ, "ಆಜೀಚಾ ಡಬಾ ನಾಹೀ ಆಲಾ?" ಎಂದು, ಅಜ್ಜಿಯ ಡಬ್ಬಿ ಬರಲಿಲ್ಲವೇ ಎಂದು ಕೇಳಿದಳು. ಯಾವ ಡಬ್ಬಿ? ಅಮ್ಮ ಆಗಾಗ ಎರಡು ನುಚ್ಚಿನುಂಡೆ ತಂದು ಕೊಡುತ್ತಿದ್ದಳಂತೆ. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಅಜ್ಜಿಗೆ ಕೈನೋವೇನೋ ಎಂದು ಅವಳೇ ಕಾರಣವನ್ನೂ ಹುಡುಕಿಕೊಟ್ಟಳು. ಹೌದೆಂದೆ.

ಮುಂದಿನ ಬುಧವಾರ ಬೆಳಿಗ್ಗೆಯೇ ಮಾಡಿದೆ. ಅಮ್ಮನ ಉಂಡೆಗಳ ಮೇಲೆ ನಾಲ್ಕು ಬೆರಳಿನ ಅಚ್ಚು ಸಾಲಾಗಿ ಮೂಡಿರುತ್ತಿತ್ತೆಂದು ನನ್ನ ನೆನಪು. ಹಾಗೆಯೇ ಒತ್ತಿ ಎರಡನ್ನು ಡಬ್ಬಿಗೆ ಹಾಕಿಕೊಂಡು ಹೋಗಿ, ಅಜ್ಜಿ ಕಳಿಸಿದ್ದು ಎಂದೆ.

ಮಾವಶಿ ಒಂದನ್ನು ಕೈಗೆತ್ತಿಕೊಂಡಳು, ತಿನ್ನಲಿಲ್ಲ. ಹೆಬ್ಬೆರಳಿನಿಂದ ಆ ಅಚ್ಚುಗಳನ್ನು ಒಂದೊಂದಾಗಿ ಸವರಿದಳು. "ಹೀ ತಿಚೀ ಮೂಠ್ ನಾಹೀ" ಎಂದಳು. ಇದು ಅವಳ ಮುಷ್ಟಿಯಲ್ಲ. ತನ್ನ ಕೈಯನ್ನು ಮುಷ್ಟಿ ಹಿಡಿದು, ಕಿರುಬೆರಳನ್ನು ಮಾತ್ರ ನೆಟ್ಟಗೆ ಹೊರಗೆ ಚಾಚಿ ತೋರಿಸಿದಳು. ಅಮ್ಮನ ಕಿರುಬೆರಳು ಮಡಚುತ್ತಿರಲಿಲ್ಲ. ಅವಳ ಉಂಡೆಯ ಮೇಲೆ ಮೂರೇ ಅಚ್ಚು.

"ಕೇವ್ಹಾ ಗೇಲೀ?"

ಯಾವಾಗ ಹೋದಳು ಎಂದು ಕೇಳಿದ್ದಳು. ತಾರೀಖು ಹೇಳಿದೆ. ಅವಳು ಎರಡೂ ಉಂಡೆ ನಿಧಾನವಾಗಿ ತಿಂದು, ಡಬ್ಬಿಯನ್ನು ಸೊಪ್ಪಿಗೆ ಚಿಮುಕಿಸುವ ನೀರಿನಲ್ಲಿ ತೊಳೆದು, ಸಬ್ಬಸಿಗೆ ಕಟ್ಟಿನ ಜೊತೆ ನನ್ನ ಚೀಲಕ್ಕೆ ಹಾಕಿದಳು.

ಸಂಜೆ, ಉಳಿದಿದ್ದ ಹಿಟ್ಟನ್ನು ಫ್ರಿಜ್ಜಿನಿಂದ ತೆಗೆದು ಕಿರುಬೆರಳು ಹೊರಗೆ ಚಾಚಿ ಒತ್ತಿದೆ. ಮೂರು ಅಚ್ಚು ಮೂಡಿದವು. ನನ್ನ ಜಡೆ ಹೆಣೆಯುವಾಗ ಕತ್ತಿಗೆ ತಾಗುತ್ತಿದ್ದ ಆ ಸೆಟೆದ ಬೆರಳು ಈಗ ಎಷ್ಟು ಚೆನ್ನಾಗಿ ನೆನಪಾಗುತ್ತಿದೆ! ಅದು ನನ್ನದೇ ನೆನಪೋ, ಬೆಳಿಗ್ಗೆ ಮಾವಶಿ ಕೊಟ್ಟದ್ದೋ ಹೇಳಲಾರೆ. ಉಂಡೆಗಳನ್ನು ಪಾತ್ರೆಯಲ್ಲಿಟ್ಟು ಮುಚ್ಚಳ ಮುಚ್ಚಿದೆ. ಹಬೆ ಬಂದಾಗಲೇ ಗಮನಿಸಿದ್ದು: ಅಷ್ಟು ಹೊತ್ತೂ ನಾನು ಆ ಬೆರಳನ್ನು ಮಡಚಿರಲಿಲ್ಲ.